ಧಾರವಾಡ ಸೀಮೆಯ ಬಡ ಕುಟುಂಬಗಳೂ ಸರಕಾರದ ನಗದು ನೆರವೂ

ಹುಬ್ಬಳ್ಳಿಗೆ ಹೊಂದಿಕೊಂಡಂತೆ ಗೋಪನಕೊಪ್ಪವೆಂಬ ಊರಿದೆ. ಊರು ಎಂದು ನಾವು ರೂಢಿಯಿಂದ ಹೇಳುತ್ತೇವೆ. ನಿಜವಾಗಿ ಅದು ಇಂದು ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯ ಎಲ್ಲೆಯೊಳಗೆ ಸೇರಿಹೋದ ಒಂದು ಭಾಗ. ಕೊಪ್ಪವೆಂದರೆ ಚಿಕ್ಕ ಹಳ್ಳಿ. ಹಳ್ಳಿಯು ಹೆಸರಿನಲ್ಲಿ ಉಳಿದಿದೆ, ದಫ್ತರದಲ್ಲಿ ಅಳಿದಿದೆ. ಅಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧೆಯೊಬ್ಬರನ್ನು ನಾವು ಒಮ್ಮೆ, “ಪಗಾರ ಬಂತೇನವ್ವಾ?” ಎಂದು ಕೇಳಿದೆವು. “ಬಂತೋ ಇಲ್ಲೋ ನನಗ ಹ್ಯಾಂಗ ತಿಳೀಬೇಕ್ರಿ ಸರ? ಅದರ ಸುದ್ದಿ ಬರೂದು ಮಗನ ಫೋನಿಗೆ” ಎಂದು ಅವರು ಉತ್ತರವಿತ್ತರು.

ಈ ಚಿಕ್ಕ ಮಾತುಕತೆಯಲ್ಲಿ ಇತಿಹಾಸದ ವಿದ್ಯಾರ್ಥಿಯು ಲಕ್ಷಿಸಬೇಕಾದ ಸಂಗತಿಗಳಿವೆ. ಸರಕಾರವು ವೃದ್ಧಾಪ್ಯ ವೇತನವೆಂದು ಕರೆಯುವುದನ್ನು ನಮ್ಮ ಕಡೆಯ ಜನ ಪಗಾರವೆನ್ನುತ್ತಾರೆ. ಪೋರ್ತುಗೀಸ್ ಮೂಲದಿಂದ ಮರಾಠಿಗೆ ಬಂದು, ಅಲ್ಲಿಂದ ನಮ್ಮಲ್ಲಿ ನೆಲೆನಿಂತ ಈ ಮಾತಿಗೆ ದುಡಿದುದಕ್ಕೆ ಸಲ್ಲುವ ಸಂಬಳವೆಂದು ಅರ್ಥ. ದಾನವೆಂದಾಗಲಿ ಭಿಕ್ಷೆಯೆಂದಾಗಲಿ ಆ ವೃದ್ಧೆಯ ಮನಸ್ಸಿನಲ್ಲಿ ಇಲ್ಲ. ಇನ್ನು ಫೋನಿನ ಮಾತು. ಅದಕ್ಕೆ ಮುಂದೆ ಬರುತ್ತೇವೆ.

ಬಡ ಕುಟುಂಬದ ಕೈಗೆ ಸರಕಾರವು ನೇರವಾಗಿ ರೊಕ್ಕವನ್ನೇ ಕೊಡುವ ಪದ್ಧತಿಯು 2013ರ ಜನವರಿ 1ರಂದು ಕೇಂದ್ರ ಸರಕಾರವು ಆರಂಭಿಸಿದ ನೇರ ವರ್ಗಾವಣೆಯಿಂದ ಹುಟ್ಟಿತೆಂಬ ಭಾವನೆ ಸಾಮಾನ್ಯವಾಗಿದೆ. ಹಣವು ಹೋಗುವ ಹಾದಿ ಹೊಸದೆಂಬುದು ನಿಜ. ಆದರೆ ನಗದು ನೆರವಿಗೂ ಅದರ ಕುರಿತ ವಾದವಿವಾದಗಳಿಗೂ ಧಾರವಾಡ ಸೀಮೆಯಲ್ಲಿ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಆ ಇತಿಹಾಸದುದ್ದಕ್ಕೂ ಒಂದು ಪ್ರಶ್ನೆ ಮರಳಿ ಮರಳಿ ತಲೆಯೆತ್ತುತ್ತದೆ. ಸರಕಾರವು ಕೊಟ್ಟದ್ದು ರೊಕ್ಕ. ಬಡವನು ಉಣ್ಣುವುದು ಜೋಳ. ಇವೆರಡರ ನಡುವೆ ಪೇಟೆಯ ಧಾರಣೆ ನಿಂತಿದೆ. ಧಾರಣೆ ಏರಿದಾಗ ಅದರ ಹೊರೆಯನ್ನು ಹೊರುವವರು ಯಾರು, ಸರಕಾರವೋ ಕುಟುಂಬವೋ? ಪ್ರಕೃತ ಲೇಖನದಲ್ಲಿ ಈ ಒಂದು ಪ್ರಶ್ನೆಯನ್ನು ಹಿಡಿದು ಕೆಲವು ವಿಚಾರಗಳನ್ನು ಮಂಡಿಸುತ್ತೇವೆ.

ಪ್ರಾಚೀನ ಕಾಲದ ಮಾತನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಸತ್ರಗಳಿಗೂ ಅನ್ನದಾನಕ್ಕೂ ಭೂಮಿಯನ್ನು ಬಿಟ್ಟ, ಗದ್ಯಾಣಗಳನ್ನು ಇಟ್ಟು ಅವುಗಳ ಬಡ್ಡಿಯಿಂದ ಧರ್ಮ ನಡೆಸುವಂತೆ ಕಟ್ಟು ಮಾಡಿದ ಉಲ್ಲೇಖಗಳು ಹೇರಳವಾಗಿ ದೊರೆಯುತ್ತವೆ. ಅಂದರೆ ದತ್ತಿಯು ನಾಣ್ಯದ ರೂಪದಲ್ಲಿ ಇರಬಹುದಾಗಿತ್ತು. ಆದರೆ ಹಸಿದವನನ್ನು ಮುಟ್ಟುವಾಗ ಅದು ಅನ್ನವಾಗಿಯೇ ಮುಟ್ಟುತ್ತಿತ್ತು. ಬೆಲೆಯ ಏರಿಳಿತದ ಚಿಂತೆ ಸತ್ರದವರದು, ಉಣ್ಣುವವನದಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹದಲ್ಲಿ ಪಂಕ್ತಿಗೆ ಕುಳಿತವನು ಇಂದಿಗೂ ಅಕ್ಕಿಯ ದರವನ್ನು ಕೇಳುವುದಿಲ್ಲ.

ಈ ಸ್ಥಿತಿ ಬದಲಾದುದು 1876ರಲ್ಲಿ. ಧಾತು ಸಂವತ್ಸರದ ಆ ವರ್ಷ ಮಳೆ ಕೈಕೊಟ್ಟಿತು. ದಖ್ಖನದ ಉದ್ದಗಲಕ್ಕೂ ಬಿದ್ದ ಆ ಬರವು 1878ರವರೆಗೆ ಬಾಧಿಸಿತು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಅದರ ಕಠೋರ ಪೆಟ್ಟನ್ನು ತಿಂದವು. ಧಾರವಾಡ ಜಿಲ್ಲೆಯ ಜನಸಂಖ್ಯೆಯು 1872ರ ಗಣತಿಗಿಂತ 1881ರ ಗಣತಿಯಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗಿತು. ಸತ್ತವರೂ ಗುಳೆ ಹೋದವರೂ ಹುಟ್ಟದೆ ಉಳಿದ ಕೂಸುಗಳೂ ಈ ಲೆಕ್ಕದಲ್ಲಿ ಅಡಗಿದ್ದಾರೆ.

ಮುಂಬಯಿ ಸರಕಾರವು ಧಾನ್ಯದ ವ್ಯಾಪಾರದಲ್ಲಿ ತಾನು ಕೈಹಾಕುವುದಿಲ್ಲವೆಂಬ ನೀತಿಯನ್ನು ತಳೆದಿತ್ತು. ಸರಕಾರವು ಕೆಲಸ ಕೊಡಬೇಕು, ಕೂಲಿಯನ್ನು ನಗದಾಗಿ ಸಲ್ಲಿಸಬೇಕು. ಕೂಲಿಗಾರನ ಕೈಯಲ್ಲಿ ರೊಕ್ಕವಿದ್ದರೆ ವ್ಯಾಪಾರಿಯು ತಾನಾಗಿಯೇ ಧಾನ್ಯವನ್ನು ತರುವನು ಎಂಬುದು ಅದರ ತರ್ಕ. ರಸ್ತೆ, ಕೆರೆ ಮೊದಲಾದ ಬರಗಾಲದ ಕಾಮಗಾರಿಗಳು ಹೀಗೆ ಆರಂಭವಾದವು. ಮೊದಮೊದಲು ಕೂಲಿಯನ್ನು ದಿನಕ್ಕೆ ಇಷ್ಟು ಆಣೆಯೆಂದು ಗೊತ್ತುಮಾಡಲಾಗಿತ್ತು. ಧಾರಣೆಯು ಏರುತ್ತ ಹೋದಂತೆ ಆ ಆಣೆಗಳಿಂದ ಹೊಟ್ಟೆ ತುಂಬುವುದಿಲ್ಲವೆಂಬುದು ಅಧಿಕಾರಿಗಳಿಗೂ ಮನವರಿಕೆಯಾಯಿತು. ಆಗ, 1876ರ ಕೊನೆಯ ಭಾಗದಲ್ಲಿ, ಕೂಲಿಯನ್ನು ಧಾನ್ಯದ ಬೆಲೆಗೆ ಕಟ್ಟಿದರು. ಒಂದು ಪೌಂಡು ಧಾನ್ಯಕ್ಕೆ ಆ ದಿನ ಪೇಟೆಯಲ್ಲಿ ಎಷ್ಟು ಬೆಲೆಯೋ ಅಷ್ಟು, ಅದರ ಮೇಲೆ ಉಪ್ಪು, ಬೇಳೆ, ಕಟ್ಟಿಗೆಗಳಿಗೆಂದು ಒಂದು ಅಲ್ಪ ಮೊತ್ತ, ಹೀಗೆ ಕೂಲಿಯ ಲೆಕ್ಕ. ಜೋಳ ತುಟ್ಟಿಯಾದರೆ ಕೂಲಿಯೂ ಏರುವುದು, ಸೋವಿಯಾದರೆ ಇಳಿಯುವುದು.

ಇದನ್ನು ನಾವು ಈ ಇತಿಹಾಸದ ಮುಖ್ಯ ಘಟ್ಟವೆಂದು ತಿಳಿಯುತ್ತೇವೆ. ಕೊಡುವುದು ನಾಣ್ಯವೇ ಆದರೂ ಅದರ ಅಳತೆಗೋಲು ಧಾನ್ಯ. ಬೆಲೆ ಏರಿಕೆಯ ಹೊರೆಯನ್ನು, ತತ್ತ್ವತಃ, ಸರಕಾರವು ತನ್ನ ಮೇಲೆ ತೆಗೆದುಕೊಂಡಿತು.

ತತ್ತ್ವತಃ ಎಂದು ಬೇಕೆಂದೇ ಹೇಳಿದ್ದೇವೆ. ಈ ಏರ್ಪಾಡನ್ನು ಕರುಣೆಯ ಫಲವೆಂದು ಬಣ್ಣಿಸಿದರೆ ಅದು ಇತಿಹಾಸಕ್ಕೆ ಎಸಗಿದ ಅಪಚಾರವಾದೀತು. 1877ರ ಜನವರಿಯಲ್ಲಿ ಗಂಡಾಳಿನ ಕೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಹಾಗೂ ಅರ್ಧ ಆಣೆಗೆ ಇಳಿಸಲಾಯಿತು. ಹೆಣ್ಣಾಳಿಗೆ ಅದಕ್ಕೂ ಕಡಿಮೆ. ಒಂದು ಪೌಂಡು ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಅರ್ಧ ಆಣೆಯೆಂದರೆ ರೂಪಾಯಿಯ 32ನೆಯ ಒಂದು ಪಾಲು. ಮಣ್ಣು ಹೊರುವ, ಕಲ್ಲು ಒಡೆಯುವ ಆಳಿಗೆ ದಿನದ ಆಹಾರ ಇಷ್ಟು. ನಿಜವಾಗಿ ದಿಕ್ಕಿಲ್ಲದವರು ಮಾತ್ರ ಕೆಲಸಕ್ಕೆ ಬರುವಂತಾಗಲೆಂದು ಜನರನ್ನು ತಮ್ಮ ಊರ ಹತ್ತಿರದ ಕೆಲಸಗಳಿಂದ ಬಿಡಿಸಿ ದೂರದ ದೊಡ್ಡ ಕಾಮಗಾರಿಗಳಿಗೆ ಕಳುಹಿಸುವ ಪರೀಕ್ಷೆಯೂ ಜತೆಗಿತ್ತು. ಆ ತಿಂಗಳಲ್ಲಿಯೇ ಭಾರತ ಸರಕಾರದ ಪ್ರತಿನಿಧಿಯಾಗಿ ಹೊರಟ ಸರ್ ರಿಚರ್ಡ್ ಟೆಂಪಲ್ಲನು ಮದ್ರಾಸ್ ಇಲಾಖೆಯಲ್ಲಿಯೂ ಒಂದು ಪೌಂಡಿನ ಕೂಲಿಯನ್ನು ಜಾರಿಗೆ ತರಿಸಿದನು. ಅಲ್ಲಿಯ ಆರೋಗ್ಯಾಧಿಕಾರಿ ಕಾರ್ನಿಷನು ಇಷ್ಟರಿಂದ ದುಡಿಯುವ ದೇಹ ಉಳಿಯದೆಂದು ಬಲವಾಗಿ ವಿರೋಧಿಸಿದನು. ಮುಂಬಯಿ ಇಲಾಖೆಯಲ್ಲಿ ಕೂಲಿಗಾರರು ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಸರಕಾರಕ್ಕೆ ಮನವಿಗಳನ್ನು ಸಲ್ಲಿಸಿತು. ಅದೇ 1877ರ ಮೇ ತಿಂಗಳಲ್ಲಿ ಟೆಂಪಲ್ಲನೇ ಮುಂಬಯಿಯ ಗವರ್ನರನಾಗಿ ಬಂದನು.

ಆದುದರಿಂದ ಎರಡು ಮಾತುಗಳನ್ನು ಬೇರೆಬೇರೆಯಾಗಿ ನೋಡಬೇಕು. ಕೂಲಿಯನ್ನು ಧಾನ್ಯದ ಬೆಲೆಗೆ ಕಟ್ಟಿದ ತತ್ತ್ವವು ಯುಕ್ತವಾಗಿತ್ತು. ಕಟ್ಟಿದ ಪ್ರಮಾಣವು ಅಮಾನುಷವಾಗಿತ್ತು. ಈಚಿನ ಬರೆಹಗಳಲ್ಲಿ ಎರಡನೆಯದರ ಮೇಲಿನ ನ್ಯಾಯವಾದ ಸಿಟ್ಟಿನಲ್ಲಿ ಮೊದಲನೆಯದನ್ನು ಮರೆಯುವುದು ಕಾಣುತ್ತದೆ.

ಇನ್ನೊಂದು ಕೊರತೆಯೂ ಇತ್ತು. ಕೈಯಲ್ಲಿ ರೊಕ್ಕವಿದ್ದರೆ ಧಾನ್ಯ ತಾನಾಗಿ ಬರುವುದೆಂಬ ತರ್ಕವು ಧಾನ್ಯ ಬರಲು ಹಾದಿಯಿದ್ದರೆ ಮಾತ್ರ ಸರಿ. 1876ರಲ್ಲಿ ಹುಬ್ಬಳ್ಳಿಗೆ ರೈಲು ಇರಲಿಲ್ಲ. ಕರಾವಳಿಯ ಬಂದರುಗಳಿಂದ ಘಟ್ಟವನ್ನು ಹತ್ತಿ ಎತ್ತಿನ ಗಾಡಿಗಳಲ್ಲಿ ಚೀಲಗಳು ಬರಬೇಕು. ಮೇವಿಲ್ಲದೆ ಎತ್ತುಗಳು ಸಾಯುತ್ತಿರುವ ವರ್ಷದಲ್ಲಿ ಗಾಡಿಯನ್ನು ಎಳೆಯುವವರಾರು? ಈ ಬರದ ಅನುಭವವೇ ದಕ್ಷಿಣ ಮರಾಠಾ ರೈಲ್ವೆಯ ಹುಟ್ಟಿಗೆ ಮುಖ್ಯ ಕಾರಣ. 1882ರಲ್ಲಿ ಕಂಪನಿ ಸ್ಥಾಪನೆಯಾಗಿ, ಮುಂದೆ ಹುಬ್ಬಳ್ಳಿಯು ಅದರ ದೊಡ್ಡ ಕೇಂದ್ರವಾಯಿತು. ಇಂದು ರೈಲ್ವೆಯ ಊರೆಂದು ಹೆಸರಾದ ಹುಬ್ಬಳ್ಳಿಯ ಹಳಿಗಳ ಕೆಳಗೆ ಧಾತು ಸಂವತ್ಸರದ ಹಸಿವು ಹೂತಿದೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯುವುದು ವಿರಳ.

ಹಾದಿಯು ಸಿದ್ಧವಾದ ಮೇಲೆ ನಗದು ಕೂಲಿಯ ಗುಣ ಬೇರೆಯಾಗುತ್ತದೆ. ನೆರೆಯ ಮಹಾರಾಷ್ಟ್ರದಲ್ಲಿ 1970ರಿಂದ 1973ರವರೆಗೆ ಬಿದ್ದ ಘೋರ ಬರದಲ್ಲಿ ಲಕ್ಷಾಂತರ ಜನ ಸರಕಾರಿ ಕಾಮಗಾರಿಗಳಲ್ಲಿ ನಗದು ಕೂಲಿ ಪಡೆದರು. ಆ ಕೊಳ್ಳುವ ಶಕ್ತಿಯು ಹೊರಗಿನ ಧಾನ್ಯವನ್ನು ಬರದ ಜಿಲ್ಲೆಗಳಿಗೆ ಸೆಳೆಯಿತೆಂಬುದನ್ನು ಅರ್ಥಶಾಸ್ತ್ರಜ್ಞ ಜಾನ್ ದ್ರೇಜರು ವಿವರವಾಗಿ ತೋರಿಸಿದ್ದಾರೆ. ಹಸಿವಿಗೆ ಕಾರಣವು ಧಾನ್ಯದ ಅಭಾವಕ್ಕಿಂತ ಹೆಚ್ಚಾಗಿ ಅದನ್ನು ಪಡೆಯುವ ಶಕ್ತಿಯ ಅಭಾವವೆಂದು ಅಮರ್ತ್ಯ ಸೇನರು 1981ರಲ್ಲಿ ಮಂಡಿಸಿದ ವಾದವು ಎಲ್ಲರಿಗೂ ತಿಳಿದುದೇ. 1876ರ ಧಾರವಾಡವನ್ನೂ 1972ರ ಮಹಾರಾಷ್ಟ್ರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಗದು ನೆರವು ಒಳ್ಳೆಯದೋ ಕೆಟ್ಟದೋ ಎಂದು ಕೇಳುವುದೇ ತಪ್ಪೆಂದು ತೋರುತ್ತದೆ.

ಕ್ಷಾಮದ ತರುವಾಯ ನೇಮಕವಾದ ಆಯೋಗವು 1880ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ದುಡಿಯಬಲ್ಲವರಿಗೆ ಕೆಲಸ, ದುಡಿಯಲಾರದ ಮುದುಕರು, ಅಂಗವಿಕಲರು, ದಿಕ್ಕಿಲ್ಲದ ಹೆಂಗಸರಿಗೆ ಅವರ ಊರಿನಲ್ಲಿಯೇ ಪುಕ್ಕಟೆ ನೆರವು ಎಂಬ ಭೇದವನ್ನು ಅದು ಸ್ಥಿರಪಡಿಸಿತು. ಅನಂತರ ಇಲಾಖೆಗಳಲ್ಲಿ ರೂಪುಗೊಂಡ ಕ್ಷಾಮ ಸಂಹಿತೆಗಳಲ್ಲಿ ಧಾನ್ಯದ ಬೆಲೆಗೆ ಕಟ್ಟಿದ ಕೂಲಿಯ ತತ್ತ್ವವು ನೆಲೆಗೊಂಡಿತು. ಎರಡನೆಯ ವರ್ಗದವರ ಯಾದಿಯನ್ನು ಮಾಡುವ ಕೆಲಸ ಊರಿನ ಅಧಿಕಾರಿಗಳ ಪಾಲಿಗೆ ಬಂದಿತು. ನಮ್ಮ ಸೀಮೆಯಲ್ಲಿ ಅವರೆಂದರೆ ಪಾಟೀಲ, ಕುಲಕರ್ಣಿ. ಯಾರು ನಿರ್ಗತಿಕರು, ಯಾರಿಗೆ ನೋಡಿಕೊಳ್ಳುವ ಮಕ್ಕಳಿದ್ದಾರೆ ಎಂಬುದು ಅವರಿಗೆ ಕಣ್ಣಾರೆ ತಿಳಿದ ಸಂಗತಿ. ಇದರ ಒಳಿತು ಸ್ಪಷ್ಟ. ಕೆಡುಕೂ ಅಷ್ಟೇ ಸ್ಪಷ್ಟ: ಯಾದಿಯಲ್ಲಿ ಹೆಸರು ಬೀಳಬೇಕಾದರೆ ಒಬ್ಬ ವತನದಾರನ ಬಾಗಿಲಲ್ಲಿ ನಿಲ್ಲಬೇಕು. ಕುಲಕರ್ಣಿ ವತನವು 1950ರ ಮುಂಬಯಿ ಕಾಯಿದೆಯಿಂದಲೂ, ಉಳಿದ ಗ್ರಾಮಾಧಿಕಾರಗಳು 1961ರ ಮೈಸೂರು ಕಾಯಿದೆಯಿಂದಲೂ ರದ್ದಾದುವು. ಯಾದಿ ಮಾತ್ರ ರದ್ದಾಗಲಿಲ್ಲ. ಅದು ಕೈಯಿಂದ ಕೈಗೆ ಸಾಗಿ ಇಂದು ಗಣಕಯಂತ್ರದಲ್ಲಿದೆ.

ರೈತರಿಗೆ ಸಂಬಂಧಿಸಿದಂತೆ ಇನ್ನೊಂದು ಧಾರೆಯಿದೆ. 1883 ಮತ್ತು 1884ರ ಕಾಯಿದೆಗಳಿಂದ ತಗಾವಿ ಸಾಲವು ಕ್ರಮಬದ್ಧವಾಯಿತು. ಬಾವಿ ತೋಡಲು, ಬೀಜ ಎತ್ತುಗಳನ್ನು ಕೊಳ್ಳಲು ಸರಕಾರವೇ ರೈತನಿಗೆ ರೊಕ್ಕ ಕೊಡುವ ಈ ಏರ್ಪಾಡು ದಾನವಲ್ಲ, ಸಾಲ. ಅದರ ಮುಖ್ಯ ಲಕ್ಷಣವೆಂದರೆ ಅದು ಹೊಲವನ್ನು ಹಿಡಿದು ಹೋಗುವುದು, ಹೊಟ್ಟೆಯನ್ನು ಹಿಡಿದಲ್ಲ. ಹೊಲವಿಲ್ಲದ ಕೂಲಿಗೆ ತಗಾವಿ ಇಲ್ಲ. ಸಾಹುಕಾರನ ಕೈಯಿಂದ ರೈತನನ್ನು ಬಿಡಿಸುವ ಬೇರೊಂದು ಪ್ರಯತ್ನವು ಅಂದಿನ ಧಾರವಾಡ ಜಿಲ್ಲೆಯಲ್ಲಿಯೇ, ಗದುಗಿನ ಬಳಿಯ ಕಣಗಿನಹಾಳದಲ್ಲಿ, 1905ರಲ್ಲಿ ಸಹಕಾರ ಸಂಘದ ರೂಪದಲ್ಲಿ ನಡೆಯಿತು. ಅದರ ಕಥೆ ಪ್ರತ್ಯೇಕ ಲೇಖನಕ್ಕೆ ಅರ್ಹವಾದುದು. ಇಲ್ಲಿ ನಾವು ಹೇಳಬೇಕಾದುದು ಇಷ್ಟೇ. 2019ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಕಿಸಾನ್ ಸಮ್ಮಾನ್ ಯೋಜನೆಯು ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ರೈತ ಕುಟುಂಬದ ಖಾತೆಗೆ ಹಾಕುವಂತೆ ರಚಿತವಾಯಿತು. ಅದು ಸಾಲವಲ್ಲ, ಮರಳಿ ಕೊಡಬೇಕಾಗಿಲ್ಲ. ಆದರೂ ತಗಾವಿಯ ಲಕ್ಷಣವನ್ನು ಅದು ಬಿಟ್ಟಿಲ್ಲ. ಉತಾರದಲ್ಲಿ ಹೆಸರಿದ್ದವನು ರೈತ. ಲಾವಣಿಗೆ ಹೊಲ ಮಾಡುವವನು, ಕೂಲಿಗೆ ಹೋಗುವವನು ಅದರ ಹೊರಗೆ. ತಂದೆಯ ಹೆಸರಿನಿಂದ ಉತಾರವನ್ನು ಬದಲಿಸಿಕೊಳ್ಳದ ಅಣ್ಣತಮ್ಮಂದಿರ ಪಾಡು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಹೊಸದಲ್ಲ.

ಬರವಿಲ್ಲದ ವರ್ಷದಲ್ಲಿಯೂ, ಕೆಲಸ ಕೇಳದೆಯೂ, ತಿಂಗಳು ತಿಂಗಳು ಬಡವನಿಗೆ ಹಣ ಸಲ್ಲಬೇಕೆಂಬ ಭಾವನೆ ಸ್ವಾತಂತ್ರ್ಯಾನಂತರದ್ದು. ಅಂದಿನ ಮೈಸೂರು ರಾಜ್ಯದಲ್ಲಿ ವೃದ್ಧಾಪ್ಯ ವೇತನವು 1960ರ ದಶಕದ ನಡುವಿನಲ್ಲಿ ಆರಂಭವಾಯಿತು. ಅದು ಮನೆಬಾಗಿಲಿಗೆ ಬಂದುದು ಮನಿಯಾರ್ಡರಿನ ಮೂಲಕ. ಅಂಚೆಯ ಮನಿಯಾರ್ಡರ್ ಪದ್ಧತಿಯು ಕ್ಷಾಮ ಆಯೋಗದ ವರದಿ ಬಂದ 1880ರಲ್ಲಿಯೇ ಜಾರಿಗೆ ಬಂದಿತ್ತೆಂಬುದು ಒಂದು ಕಾಕತಾಳೀಯ. ಜಗಲಿಯ ಮೇಲೆ ಅಂಚೆಯವನು ನೋಟುಗಳನ್ನು ಎಣಿಸುವುದು, ಹೆಬ್ಬೆಟ್ಟಿಗೆ ಮಸಿ ಹಚ್ಚುವುದು, ತಂದುಕೊಟ್ಟವನ ಚಹಕ್ಕೆಂದು ಒಂದಿಷ್ಟು ಕೈಬಿಡುವುದು, ಇವೆಲ್ಲ ನಮ್ಮ ತಲೆಮಾರಿನವರು ಬಾಲ್ಯದಲ್ಲಿ ಕಂಡ ನೋಟಗಳು. ಆ ಚಿಕ್ಕ ಸೋರಿಕೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಹಣ ಬಂದುದು ಆ ಮುದುಕಿಗೇ ಮೊದಲು ತಿಳಿಯುತ್ತಿತ್ತು, ಅವಳ ಬೆರಳ ಗುರುತಿಲ್ಲದೆ ಅದು ಇತ್ಯರ್ಥವಾಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

1995ರ ಆಗಸ್ಟ್ 15ರಂದು ಕೇಂದ್ರ ಸರಕಾರವು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಆರಂಭಿಸಿ, ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 75 ರೂಪಾಯಿಗಳ ತನ್ನ ಪಾಲನ್ನು ನಿಗದಿಪಡಿಸಿತು. 2006ರಲ್ಲಿ ಅದು 200 ರೂಪಾಯಿಗಳಿಗೆ ಏರಿತು. 80 ವರ್ಷ ದಾಟಿದವರಿಗೆ 2011ರಲ್ಲಿ 500 ರೂಪಾಯಿಗಳಾದುದನ್ನು ಬಿಟ್ಟರೆ, ಉಳಿದವರ ಪಾಲು ಮುಂದೆ ಒಂದೂವರೆ ದಶಕಕ್ಕೂ ಮಿಕ್ಕಿದ ಕಾಲ ಅದೇ 200 ರೂಪಾಯಿಗಳಲ್ಲಿ ನಿಂತಿತು. ರಾಜ್ಯವು ತನ್ನ ಬೊಕ್ಕಸದಿಂದ ಸೇರಿಸುತ್ತ ಬಂದುದರಿಂದ ಕರ್ನಾಟಕದ ವೃದ್ಧರ ಕೈಗೆ ಬರುವ ಮೊತ್ತ ಇದಕ್ಕಿಂತ ಹೆಚ್ಚು. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ಮೊತ್ತವು 2021ರಲ್ಲಿ 1,000ದಿಂದ 1,200 ರೂಪಾಯಿಗಳಾಯಿತು. ಆದರೆ ಈ ಏರಿಕೆಗಳೆಲ್ಲ ಒಬ್ಬ ಮುಖ್ಯಮಂತ್ರಿಯ ಘೋಷಣೆಯಿಂದ, ಒಂದು ಮುಂಗಡಪತ್ರದ ಸಾಲಿನಿಂದ ಆದುವು. ಪೇಟೆಯ ಧಾರಣೆಗೂ ಅವಕ್ಕೂ ಕಟ್ಟಿದ ಹಗ್ಗವಿಲ್ಲ. ಜೋಳ ತುಟ್ಟಿಯಾದ ತಿಂಗಳಲ್ಲಿ ಪಗಾರ ತಾನಾಗಿ ಏರುವುದಿಲ್ಲ. ಪರಕೀಯ ಸರಕಾರವು ಜನರನ್ನು ಅರೆಹೊಟ್ಟೆಯಲ್ಲಿ ಇಟ್ಟುಕೊಂಡೇ ಒಪ್ಪಿಕೊಂಡಿದ್ದ ಒಂದು ನಿಯಮವನ್ನು, ಹೊಟ್ಟೆ ತುಂಬಿಸಬೇಕೆಂದು ಹೊರಟ ಸ್ವಕೀಯ ಸರಕಾರವು ಈ ವೇತನಗಳ ವಿಷಯದಲ್ಲಿ ಅಂಗೀಕರಿಸಲಿಲ್ಲವೆಂಬುದು ಸೋಜಿಗದ ಸಂಗತಿ. ಅದೇ ಸರಕಾರದ ನೌಕರರಿಗೆ ದೊರೆಯುವ ತುಟ್ಟಿಭತ್ಯೆಯನ್ನು ಪಡೆಯುವವರಲ್ಲಿ ಈ ಲೇಖಕರೂ ಸೇರಿದ್ದಾರೆಂದು ಒಪ್ಪಿಕೊಳ್ಳದಿದ್ದರೆ ಅದು ಅಪ್ರಾಮಾಣಿಕವಾದೀತು.

ಈಗ ಹಣವು ಯಾರ ಕೈ ಸೇರುತ್ತದೆಂಬ ಮಾತಿಗೆ ಬರೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಪಡಿತರ ಚೀಟಿಯಲ್ಲಿ 18 ವರ್ಷ ಮೀರಿದ ಹಿರಿಯ ಹೆಣ್ಣುಮಗಳನ್ನೇ ಕುಟುಂಬದ ಮುಖ್ಯಸ್ಥೆಯೆಂದು ಗುರುತಿಸಬೇಕೆಂದಿತು. ಕರ್ನಾಟಕ ಸರಕಾರವು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ನೀಡಿದಾಗ, ತಿಂಗಳಿಗೆ 2,000 ರೂಪಾಯಿಗಳು ಈ ಮುಖ್ಯಸ್ಥೆಯ ಖಾತೆಗೆ ಎಂದು ನಿಶ್ಚಯಿಸಿತು. ಆದಾಯ ತೆರಿಗೆ ಕಟ್ಟುವ ಮನೆಗಳನ್ನು ಬಿಟ್ಟು ಒಂದು ಕೋಟಿಗೂ ಮಿಕ್ಕಿದ ಮಹಿಳೆಯರು ಅದರೊಳಗೆ ಬಂದರು. ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿಯೆಂದ 1877ರ ಆಜ್ಞೆಯನ್ನು ನೆನೆದರೆ, ಇದು ಸಾಮಾನ್ಯ ಬದಲಾವಣೆಯಲ್ಲ. ತಾಯಿಯ ಕೈಗೆ ಹಣ ಕೊಡುವ ವಿಚಾರ ನಮ್ಮಲ್ಲಿಯೇ ಹುಟ್ಟಿದುದಲ್ಲ. 1997ರಲ್ಲಿ ಮೆಕ್ಸಿಕೋ ದೇಶವು ಹಳ್ಳಿಗಾಡಿನ ಬಡ ಕುಟುಂಬಗಳಿಗೆ ನೆರವು ಕೊಡಲು ತೊಡಗಿದಾಗ ತಾಯಂದಿರನ್ನೇ ಆರಿಸಿಕೊಂಡಿತ್ತು.

ಈ ಹಣದಿಂದ ಮನೆಗಳಲ್ಲಿ ಏನಾಯಿತು? ವೃತ್ತಪತ್ರಿಕೆಗಳು ಅಪೂರ್ವವಾದುದನ್ನು ಎತ್ತಿ ಹೇಳಿದುವು. ಬೆಳಗಾವಿ ಜಿಲ್ಲೆಯ ವೃದ್ಧೆಯೊಬ್ಬರು ಕೂಡಿಟ್ಟ ಹಣದಿಂದ ಊರಿಗೇ ಹೋಳಿಗೆಯ ಊಟ ಹಾಕಿಸಿದರು; ಗದಗ ಜಿಲ್ಲೆಯ ಅತ್ತೆ ಸೊಸೆಯರು ತಮ್ಮ ಹಣವನ್ನು ಕೂಡಿಸಿ ಹೊಲದಲ್ಲಿ ಕೊಳವೆಬಾವಿ ತೋಡಿಸಿದರು. ಹೋಳಿಗೆಯ ಸುದ್ದಿಯನ್ನು ಓದಿ ನಕ್ಕ ವಿದ್ಯಾವಂತರುಂಟು. ಜೀವಮಾನವಿಡೀ ಇತರರ ಪಂಕ್ತಿಯಲ್ಲಿ ಕುಳಿತವಳು ಒಂದು ದಿನ ತಾನೇ ಬಡಿಸುವವಳಾಗಬೇಕೆಂದು ಬಯಸಿದುದರಲ್ಲಿ ನಗುವಂಥದೇನೂ ನಮಗೆ ಕಾಣುವುದಿಲ್ಲ. ಆದರೆ ಬಹುಪಾಲು ಮನೆಗಳಲ್ಲಿ ಹಣ ಹೋಗುವುದು ಒಳ್ಳೆಣ್ಣೆ, ಔಷಧ, ಮಕ್ಕಳ ಶಾಲೆಯ ಖರ್ಚು, ಕಿರಾಣಿ ಅಂಗಡಿಯ ಉದ್ದರಿ ಇಂಥವುಗಳಿಗೆ. ಸಂಘದ ವಾರದ ಕಂತಿಗೂ ಅದರಲ್ಲೊಂದು ಪಾಲು ಸಲ್ಲುವುದುಂಟು. ಕಿರುಸಾಲದ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ರಾಜ್ಯ ಸರಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತೆಂಬುದನ್ನು ಇದರೊಂದಿಗೆ ಓದಬೇಕು. ಕಂತಿನ ತಾರೀಖು ತಪ್ಪುವುದಿಲ್ಲ. ಸರಕಾರದ ಹಣದ ತಾರೀಖು ತಪ್ಪುವುದುಂಟು. ಎರಡು ಮೂರು ತಿಂಗಳ ಹಣ ಒಟ್ಟಿಗೆ ಬಂದರೆ ಲೆಕ್ಕದ ಪುಸ್ತಕದಲ್ಲಿ ಮೊತ್ತ ಸರಿಹೋಗುತ್ತದೆ. ನಡುವೆ ಬಡ್ಡಿಗೆ ತಂದ ಮನೆಗೆ ಸರಿಹೋಗುವುದಿಲ್ಲ.

ಪುಕ್ಕಟೆ ಹಣದಿಂದ ಜನ ಮೈಗಳ್ಳರಾಗುವರು, ಕುಡಿತಕ್ಕೆ ಬೀಳುವರು ಎಂಬ ಆಕ್ಷೇಪವು ಟೆಂಪಲ್ಲನ ಕಾಲದಷ್ಟು ಹಳೆಯದು. ಇದಕ್ಕೆ ಇಂದು ಆಧಾರಸಹಿತವಾದ ಉತ್ತರವಿದೆ. ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ಸೇವಾ ಸಂಸ್ಥೆಯು 2011-12ರಲ್ಲಿ ಪ್ರತಿಯೊಬ್ಬರಿಗೂ, ಯಾವ ಕರಾರೂ ಇಲ್ಲದೆ, ತಿಂಗಳಿಗೊಂದು ಚಿಕ್ಕ ಮೊತ್ತವನ್ನು ಕೊಟ್ಟು ಪರೀಕ್ಷಿಸಿತು. ದನಕರುಗಳು ಹೆಚ್ಚಿದುವು, ಸಾಲದ ಹೊರೆ ತಗ್ಗಿತು, ಕುಡಿತ ಹೆಚ್ಚಿದುದು ಕಾಣಲಿಲ್ಲ. ಬೇರೆಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ವಿಶ್ವಬ್ಯಾಂಕು ಪ್ರಕಟಿಸಿದ ಪ್ರಬಂಧವೂ ಮದ್ಯ, ತಂಬಾಕುಗಳ ವೆಚ್ಚದ ಬಗೆಗೆ ಇದೇ ನಿರ್ಣಯಕ್ಕೆ ಬಂದಿತು. ಆದುದರಿಂದ ಈ ಆಕ್ಷೇಪದ ಮೇಲೆ ಹೆಚ್ಚು ಕಾಲ ವ್ಯಯಿಸುವುದು ಅನಾವಶ್ಯಕ.

ಹೆಚ್ಚು ವಿಚಾರಾರ್ಹವಾದುದು 2023ರ ಅನ್ನಭಾಗ್ಯದ ಪ್ರಸಂಗ. ಆ ವರ್ಷ ಕೇಂದ್ರದ 5 ಕಿಲೋ ಅಕ್ಕಿಗೆ ಇನ್ನೂ 5 ಕಿಲೋ ಸೇರಿಸಿ ಕೊಡುವುದಾಗಿ ರಾಜ್ಯ ಸರಕಾರವು ಹೇಳಿತ್ತು. ಜೂನ್ ತಿಂಗಳಲ್ಲಿ ಕೇಂದ್ರವು ತನ್ನ ದಾಸ್ತಾನಿನಿಂದ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಆಗ, ಜುಲೈಯಿಂದ, ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಗಳಂತೆ ತಲೆಗೆ 170 ರೂಪಾಯಿಗಳನ್ನು ಕುಟುಂಬದ ಮುಖ್ಯಸ್ಥರ ಖಾತೆಗೆ ಹಾಕತೊಡಗಿದರು. ಐದು ಜನರ ಮನೆಗೆ ತಿಂಗಳಿಗೆ 850 ರೂಪಾಯಿ. 1876ರಲ್ಲಿ ಕೂಲಿಯನ್ನು ಧಾನ್ಯದ ಬೆಲೆಗೆ ಕಟ್ಟಿದವರ ಲೆಕ್ಕಾಚಾರವು ಇಲ್ಲಿ ಮರಳಿ ಬಂದಂತೆ ಮೇಲುನೋಟಕ್ಕೆ ತೋರುತ್ತದೆ: ಇಷ್ಟು ಧಾನ್ಯ, ಅದರ ಬೆಲೆ ಇಷ್ಟು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಂದು ಬೆಲೆಯನ್ನು ಪೇಟೆ ಹೇಳುತ್ತಿತ್ತು. ಇಂದು ಬೆಲೆಯನ್ನು ಆಜ್ಞಾಪತ್ರ ಹೇಳಿತು. ಬೀದರಿನಿಂದ ಚಾಮರಾಜನಗರದವರೆಗೆ, ಸುಗ್ಗಿಯಲ್ಲಿಯೂ ಬೇಸಿಗೆಯಲ್ಲಿಯೂ, 34 ಎಂದರೆ 34.

ರೊಟ್ಟಿ ಉಣ್ಣುವ ಧಾರವಾಡ ಸೀಮೆಯ ಮನೆಗಳಿಗೆ ಇದರಿಂದ ಒಂದು ಅನುಕೂಲವೂ ಇತ್ತೆಂಬುದನ್ನು ಹೇಳಲೇಬೇಕು. ತಮಗೆ ಒಗ್ಗದಷ್ಟು ಅಕ್ಕಿಯನ್ನು ತಂದು ಅಗ್ಗದ ದರಕ್ಕೆ ಬೇರೆಯವರಿಗೆ ಮಾರಿ ಜೋಳ ಕೊಳ್ಳುವ ಸುತ್ತುದಾರಿ ತಪ್ಪಿತು. ಕೈಗೆ ರೊಕ್ಕವೇ ಬಂದುದರಿಂದ ಬೇಕಾದುದನ್ನು ಕೊಳ್ಳಬಹುದಾಗಿತ್ತು. ಅಕ್ಕಿಯ ಚೀಲವು ಮನೆಗೆ ಬಂದರೆ ಅಡಿಗೆಮನೆಯನ್ನು ಸೇರುತ್ತದೆ, ಹಣವು ಖಾತೆಗೆ ಬಂದರೆ ಹತ್ತು ದಾರಿಗಳು ತೆರೆಯುತ್ತವೆ ಎಂಬ ಮಾತನ್ನು ಹೆಂಗಸರಿಂದಲೇ ನಾವು ಕೇಳಿದ್ದೇವೆ. ಅವರು ಅದನ್ನು ಹಣದ ದೋಷವೆಂದು ಹೇಳಿದರೇ ಹೊರತು ಗುಣವೆಂದಲ್ಲ. 2025ರ ಫೆಬ್ರುವರಿಯಿಂದ ಸರಕಾರವು ಹಣವನ್ನು ನಿಲ್ಲಿಸಿ ಮತ್ತೆ ಅಕ್ಕಿಯನ್ನೇ ಕೊಡಲು ನಿರ್ಧರಿಸಿತು. ಹೀಗೆ ಸುಮಾರು ಒಂದೂವರೆ ವರ್ಷದಲ್ಲಿ ಧಾನ್ಯದಿಂದ ನಗದಿಗೆ, ನಗದಿನಿಂದ ಧಾನ್ಯಕ್ಕೆ ಹೊರಳಿದ ಈ ಪ್ರಸಂಗವು ಮುಂದಿನ ಇತಿಹಾಸಕಾರರಿಗೆ ಒಳ್ಳೆಯ ಸಾಮಗ್ರಿಯಾಗಲಿದೆ.

ಗೋಪನಕೊಪ್ಪಕ್ಕೆ ಮರಳೋಣ. ಹುಬ್ಬಳ್ಳಿ, ಧಾರವಾಡಗಳು ಕೂಡಿ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದುವು. ಪಟ್ಟಣವು ಬೆಳೆದು ಸುತ್ತಲಿನ ಹಳ್ಳಿಗಳನ್ನು ಒಳಗೊಂಡಾಗ ಅಲ್ಲಿಯ ಬಡವನ ಹಕ್ಕುಬಾಧ್ಯತೆಗಳೂ ಬದಲಾಗುತ್ತವೆಂಬುದನ್ನು ನಕಾಶೆಯು ಹೇಳುವುದಿಲ್ಲ. ವರ್ಷಕ್ಕೆ 100 ದಿನಗಳ ಕೂಲಿಯನ್ನು ಹಕ್ಕಾಗಿ ಕೊಟ್ಟ 2005ರ ಉದ್ಯೋಗ ಖಾತರಿ ಕಾಯಿದೆಯು ಕ್ಷಾಮದ ಕಾಮಗಾರಿಗಳ ವಂಶದಲ್ಲಿಯೇ ಹುಟ್ಟಿ, ಅವುಗಳ ಪಾಪವನ್ನು ತೊಳೆಯಲು ಹೊರಟಂತಿತ್ತು. ದೂರದ ಪರೀಕ್ಷೆಯ ಬದಲು 5 ಕಿಲೋಮೀಟರಿನೊಳಗೆ ಕೆಲಸ, ಅದಕ್ಕಿಂತ ದೂರವಾದರೆ ಹೆಚ್ಚಿನ ಕೂಲಿ. ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ. 2011ರಿಂದ ಆ ಕೂಲಿಯು ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಹೊಂದಿ ಏರತೊಡಗಿತು. ಬೆಲೆಯ ಹೊರೆಯಲ್ಲಿ ಸರಕಾರವು ಮತ್ತೆ ಪಾಲುಗೊಂಡ ಅಪರೂಪದ ಉದಾಹರಣೆಯಿದು. ಆದರೆ ಕಾಯಿದೆಯು ಗ್ರಾಮೀಣ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಪಾಲಿಕೆಯ ಗೆರೆಯಾಚೆಗಿನ ಹಳ್ಳಿಯ ಕೂಲಿಗಾರ್ತಿಗೆ ಇದ್ದ ಆ ಹಕ್ಕು, ಅವಳಂತೆಯೇ ಕಳೆ ತೆಗೆಯಲು ಹೋಗುವ, ಗೆರೆಯೊಳಗಿನ ಕೊಪ್ಪದ ಹೆಂಗಸಿಗೆ ಇರಲಿಲ್ಲ. ಅವಳ ಪಾಲಿಗೆ ಉಳಿದುದು ಬೆಲೆಗೆ ಕಟ್ಟದ ನೆರವುಗಳೇ.

ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ಒಂದು ಕೆಲಸವನ್ನು ಇಲ್ಲಿ ಸೂಚಿಸುತ್ತೇವೆ. ಒಂದೊಂದು ಊರಿನಲ್ಲಿ ಒಪ್ಪಿಗೆ ಕೊಟ್ಟ ಹತ್ತಾರು ಮನೆಗಳ ಪಾಸ್‌ಬುಕ್ಕುಗಳನ್ನು ಓದಿ, ಹಣ ಜಮೆಯಾದ ತಾರೀಖನ್ನೂ ಮೊತ್ತವನ್ನೂ ಬರೆದುಕೊಂಡು, ಅದೇ ತಿಂಗಳ ಹುಬ್ಬಳ್ಳಿ ಮಾರುಕಟ್ಟೆಯ ಜೋಳದ ಧಾರಣೆಯನ್ನು ಪಕ್ಕದ ಅಂಕಣದಲ್ಲಿ ಹಾಕುತ್ತ ಹೋಗಬೇಕು. ರೂಪಾಯಿಗಳನ್ನು ಹೀಗೆ ಸೇರುಗಳಿಗೆ ಪರಿವರ್ತಿಸಿದಾಗ ನಮ್ಮ ಪಗಾರಗಳ ನಿಜವಾದ ಏರಿಳಿತ ಗೋಚರವಾದೀತು. ಕೆಲಸ ಸರಳವಲ್ಲ. ಗೋಪನಕೊಪ್ಪದ ಆ ವೃದ್ಧೆ ನಮ್ಮ ಕೋರಿಕೆಯ ಮೇರೆಗೆ ಒಳಗಿನಿಂದ ತಂದು ಕೊಟ್ಟ ಪುಸ್ತಕದ ರಟ್ಟಿನ ಮೇಲೆ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಹೆಸರಿತ್ತು. ಧಾರವಾಡದಲ್ಲಿ ಮುಖ್ಯ ಕಚೇರಿಯನ್ನು ಹೊಂದಿದ್ದ ಆ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಗಿದೆ. ಕೊನೆಯ ನಮೂದು ಅದಕ್ಕೂ ಹಿಂದಿನದು. ಆಮೇಲೆ ಪುಸ್ತಕವನ್ನು ತುಂಬಿಸಿಕೊಂಡು ಬರಲು ಮಗನಿಗೆ ಬಿಡುವಾಗಿರಲಿಲ್ಲ. ಪುಸ್ತಕವನ್ನು ಮರಳಿ ಕೊಟ್ಟಾಗ ಅವರು ಅದನ್ನು ಪಡಿತರ ಚೀಟಿಯೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಗ ಸಂಜೆಗೆ ಬರುವನೆಂದೂ ಫೋನಿನಲ್ಲಿ ನೋಡಿ ಹೇಳುವನೆಂದೂ ತಿಳಿಸಿದರು.